ಗುಡ್ಡ ಉತ್ತರ ಕೊಡಲಿಲ್ಲ

ಜುಲೈ 9, ಬುಧವಾರ

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಕಚೇರಿಯಲ್ಲಿ ಕೊಟ್ಟ ಈ ಡೈರಿಯಲ್ಲಿ ಗ್ಯಾಸ್ ಸಿಲಿಂಡರ್ ಬಂದ ತಾರೀಕುಗಳು ಮತ್ತು ಮಗಳ ಶಾಲೆಯ ಫೋನ್ ನಂಬರು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಸೋಮವಾರ ನಡೆದದ್ದು ತಲೆಯೊಳಗೆ ಕಲಸಿಹೋಗುವ ಮುಂಚೆ ಒಂದು ಕಡೆ ಬರೆದಿಡಬೇಕು. ನಾಳೆ ಯಾರಾದರೂ ಕೇಳಬಹುದು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೊಳೆ ಕೆಳಗಿನ ಬೀದಿಗಳಿಗೆ ನುಗ್ಗಿತು. ಹತ್ತರ ಹೊತ್ತಿಗೆ ಮೊಬೈಲ್ ಟವರುಗಳೆಲ್ಲ ಕೈಕೊಟ್ಟವು. ಅಣೆಕಟ್ಟಿನಿಂದ ಬರುವ ತಂತಿ ಫೋನು ಬಿಟ್ಟರೆ ಉಳಿದದ್ದು ನಮ್ಮ ವೈರ್‌ಲೆಸ್ ಒಂದೇ. ಕಂಟ್ರೋಲ್ ರೂಮಿನಲ್ಲಿ, ನಾವೆಲ್ಲ ಅಕ್ಕ ಎನ್ನುವ ಹಿರಿಯ ಆಪರೇಟರ್ ಒಬ್ಬರೇ ಮೈಕಿನ ಮುಂದೆ ಇದ್ದರು. ಹೊಳೆಯ ಆಚೆ ದಡಕ್ಕೆ ನಮ್ಮ ದನಿ ನೇರವಾಗಿ ಮುಟ್ಟುವುದಿಲ್ಲ. ಗುಡ್ಡದ ಮೇಲಿರುವ ರಿಪೀಟರ್ ಪೆಟ್ಟಿಗೆ ಈಚೆಯ ಮಾತನ್ನು ಕೇಳಿಸಿಕೊಂಡು ಆಚೆಗೆ ಮತ್ತೆ ಕೂಗಿ ಹೇಳಬೇಕು. ಅವತ್ತು ಆಚೆ ದಡದಲ್ಲಿ ಇದ್ದದ್ದು ಎರಡೇ ವಾಕಿಟಾಕಿ. ಒಂದು, ನಾವು 'ಮೀನು' ಎಂದು ಕರೆಯುತ್ತಿದ್ದ ರಕ್ಷಣಾ ದಳದ ಈಜುಗಾರನ ಸೊಂಟದಲ್ಲಿ, ಇನ್ನೊಂದು ನನ್ನ ಹತ್ತಿರ. ನಾನು ನಿರಾಶ್ರಿತರ ಶಿಬಿರದಲ್ಲಿ ಆಂಟೆನಾ ನಿಲ್ಲಿಸುತ್ತಿದ್ದೆ.

ಹನ್ನೊಂದೂ ಐದಕ್ಕೆ ಕರೆಂಟು ಹೋಯಿತು. ಹನ್ನೆರಡೂ ಇಪ್ಪತ್ತಕ್ಕೆ ಮೇಲಿನ ಅಣೆಕಟ್ಟಿನಿಂದ ಅಕ್ಕನಿಗೆ ಫೋನು ಬಂತು: ಗೇಟು ತೆಗೆದಿದ್ದೇವೆ, ತಗ್ಗಿನ ಸೇತುವೆ ಮೇಲೆ ಯಾರನ್ನೂ ಬಿಡಬೇಡಿ. ಆ ಮಾತು ಮೀನಿಗೆ ತಲುಪಲಿಲ್ಲ. ಹನ್ನೆರಡೂ ನಲವತ್ತಕ್ಕೆ ಅವನಿದ್ದ ಟ್ರಕ್ಕು ನೆರೆಯಲ್ಲಿ ಸಿಕ್ಕಿದ್ದ ಒಂಬತ್ತು ಜನರನ್ನು ಹೊತ್ತು ಸೇತುವೆಗೆ ಇಳಿಯಿತು. ನಡುವೆ ನೀರು ಬಂದು ಅದನ್ನು ಕಂಬಿಗೆ ಒತ್ತಿ ಮಗ್ಗುಲಾಗಿಸಿತು. ಮೀನು ಸೊಂಟಕ್ಕೆ ಹಗ್ಗ ಬಿಗಿದು ಈಜಿ ದಡ ಸೇರಿ, ಮರಕ್ಕೆ ಕಟ್ಟಿ ಎಂಟು ಜನರನ್ನು ಆ ಹಗ್ಗದ ಮೇಲೆ ದಾಟಿಸಿದ. ಒಂಬತ್ತನೆಯವಳು ಒಂದು ಮುದುಕಿ, ಭಯಕ್ಕೆ ಕಂಬಿ ಬಿಡಲೊಲ್ಲಳು. ಅವಳನ್ನು ಬಿಡಿಸಲು ವಾಪಸು ಹೋದ. ಅವಳು ಬದುಕಿದಳು.

ಅವನ ಕಿವಿಯ ಹಿಂದೆ ಕಿವಿರು ಇದೆ ಅಂತ ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ನಿನ್ನೆ ಅವನ ದೇಹ ಸಿಕ್ಕಿತು.

ಕರೆಂಟು ಹೋದರೆ ರಿಪೀಟರನ್ನು ನಡೆಸುವ ಗುಡ್ಡದ ಬ್ಯಾಟರಿಗಳ ತಪಾಸಣೆ ಜೂನ್ 12ಕ್ಕೆ ಆಗಿದೆ ಎಂದು ಪುಸ್ತಕದಲ್ಲಿದೆ. ಆ ದಿನ ಜೀಪು ಸಿಗಲಿಲ್ಲ. ಹಾಗಾಗಿ ಹಿಂದಿನ ಸಲದ ಅಂಕಿಗಳನ್ನೇ ಬರೆಯಲಾಯಿತು. ಒಂಬತ್ತು ವರ್ಷದಿಂದ ಅಂಕಿಗಳು ಬದಲಾಗಿರಲಿಲ್ಲ.

ಜುಲೈ 10, ಗುರುವಾರ

ದಾರಿ ತೆರೆಯಿತು. ಗುಡ್ಡ ಹತ್ತಿದೆ. ರಿಪೀಟರ್ ಏನೂ ಆಗಿಲ್ಲವೆಂಬಂತೆ ಹಸಿರು ದೀಪ ಉರಿಸಿಕೊಂಡು ಕೂತಿತ್ತು. ಸೋಮವಾರ ಸಂಜೆ ನಾಲ್ಕಕ್ಕೆ ಕರೆಂಟು ಬಂತಲ್ಲ, ತಾನಾಗಿಯೇ ಎದ್ದಿದೆ. ನಡುವೆ ಅದು ಸತ್ತಿತ್ತು ಎಂಬುದಕ್ಕೆ ಯಾವ ಗುರುತೂ ಇಲ್ಲ.

ಬ್ಯಾಟರಿ ಪೆಟ್ಟಿಗೆ ತೆಗೆದೆ. ನಾಲ್ಕರಲ್ಲಿ ಮೂರು ಹೊಟ್ಟೆಯುಬ್ಬಿಸಿಕೊಂಡಿದ್ದವು. ಕರೆಂಟಿನ ಸ್ವಿಚ್ ಆರಿಸಿ ಗಡಿಯಾರ ನೋಡುತ್ತ ಕೂತೆ. ಹನ್ನೆರಡು ಗಂಟೆ ನಿಲ್ಲಬೇಕಾದದ್ದು ಮೂವತ್ತೆಂಟು ನಿಮಿಷಕ್ಕೆ ಕಣ್ಣುಮುಚ್ಚಿತು. ಸೋಮವಾರದ ಲೆಕ್ಕಕ್ಕೆ ಹನ್ನೊಂದೂ ನಲವತ್ತಮೂರು. ಅಕ್ಕನಿಗೆ ಫೋನು ಬರುವುದಕ್ಕೆ ಮೂವತ್ತೇಳು ನಿಮಿಷ ಮುಂಚೆ.

ಪರಿಹಾರದ ಸಾಮಾನಿನ ಜೊತೆ ಹೊಸ ಬ್ಯಾಟರಿಗಳು ಬಂದಿದ್ದವು. ಇಳಿದು, ಇಬ್ಬರು ಕೂಲಿಯವರನ್ನು ಹಿಡಿದು ಮೇಲೆ ತಂದು ಜೋಡಿಸಿದೆ. ಹಳೆಯವು ಕೆಸರಿನ ಕಸ ಹೊತ್ತ ಲಾರಿಯಲ್ಲಿ ಹೋದವು. ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಮುಂದಿನ ಮಳೆಗೆ ಮುಂಚೆ ಹಾಕಲೇಬೇಕಿತ್ತಲ್ಲ.

ಜುಲೈ 11, ಶುಕ್ರವಾರ

ಇಂಜಿನಿಯರ್ ಸಾಹೇಬರು ಕರೆಸಿದರು. ಟೇಬಲ್ ಮೇಲೆ ನನ್ನ ತಪಾಸಣೆ ಪುಸ್ತಕ ತೆರೆದಿತ್ತು.

"ಬ್ಯಾಟರಿ ಎಲ್ಲಾ ಚೆನ್ನಾಗಿದೆ ಅಂತ ಬರ್ದಿದ್ದೀರಿ. ಸರಿ ತಾನೆ?"

"ಹೌದು ಸರ್."

"ಅವತ್ತು ನಿಮ್ಮ ವಾಕಿಟಾಕೀಲಿ ಅಕ್ಕನ ಕರೆ ಏನಾದ್ರೂ ಬಂತಾ?"

"ನಾನು ಕಂಬದ ಮೇಲಿದ್ದೆ ಸರ್. ವಾಕಿಟಾಕಿ ಕೆಳಗೆ ಚೀಲದಲ್ಲಿತ್ತು."

ಅದು ನನ್ನ ಭುಜಕ್ಕೇ ಸಿಕ್ಕಿಸಿತ್ತು. ಹನ್ನೆರಡಕ್ಕೆ ಎರಡು ಸಲ ಗುಂಡಿ ಒತ್ತಿ ನೋಡಿದ್ದೆ. ಗುಂಡಿ ಬಿಟ್ಟಾಗ ಗುಡ್ಡದಿಂದ 'ಕ್ರ್ಸ್' ಎಂದು ಒಂದು ಸದ್ದು ವಾಪಸು ಬರುತ್ತದೆ. ಬರಲಿಲ್ಲ. ಆಗಲೇ ಗೊತ್ತಾಗಿತ್ತು. ಗೊತ್ತಾಗಿ ಏನು ಮಾಡುವುದು, ಗುಡ್ಡದ ದಾರಿ ನೀರಿನಡಿಯಲ್ಲಿತ್ತು. ಸೇತುವೆಯ ತನಕ ಓಡಬಹುದಿತ್ತೇನೋ. ಒಂದೂವರೆ ಮೈಲಿ. ಆದರೆ ಗೇಟು ತೆಗೆಯುತ್ತಾರೆ ಅಂತ ನನಗೆ ಹೇಗೆ ಗೊತ್ತಿರಬೇಕು?

ಜುಲೈ 14, ಸೋಮವಾರ

ವಿಚಾರಣೆಗೆ ಆದೇಶವಾಗಿದೆ. ಅಕ್ಕನನ್ನು ಮೈಕಿನಿಂದ ತೆಗೆದು ಫೈಲುಗಳ ಮೇಜಿಗೆ ಹಾಕಿದ್ದಾರೆ.

ಅಕ್ಕ ಇಪ್ಪತ್ತಾರು ವರ್ಷ ಆ ಕುರ್ಚಿಯಲ್ಲಿ ಕೂತವರು. ಅವರ ದನಿ ಕೇಳಿದರೆ ಅಗ್ನಿಶಾಮಕ ದಳದವರಿಗೂ ಅರ್ಧ ಬೆಂಕಿ ಆರಿದಂತೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಸಿಡಿಲು ಬಡಿದ ಕಂಬದ ಮೇಲೆ ಕೈಕಾಲು ನಡುಗಿ ನಿಂತುಬಿಟ್ಟಿದ್ದೆ. "ಒಂದೊಂದೇ ಮೆಟ್ಟಲು ಇಳಿ ಕಣೋ ತಮ್ಮಾ, ನಾನು ಎಣಿಸ್ತೀನಿ" ಎಂದು ವಾಕಿಟಾಕಿಯಲ್ಲಿ ನಲವತ್ತರ ತನಕ ಎಣಿಸಿ ಇಳಿಸಿದ್ದರು. ಮುಂದಿನ ವರ್ಷ ನಿವೃತ್ತಿ.

ಹನ್ನೊಂದು ಸಲ ಕರೆದೆ ಎನ್ನುತ್ತಾರೆ ಅವರು. ಪುಸ್ತಕದಲ್ಲಿ ಹನ್ನೊಂದು ಸಲವೂ ಸಮಯ ಬರೆದಿದ್ದಾರೆ. ಕೊನೆಗೆ ಒಂದು ಸಾಲು: ಗುಡ್ಡ ಉತ್ತರ ಕೊಡುತ್ತಿಲ್ಲ. ಅದೆಲ್ಲ ಆಮೇಲೆ ಕೂತು ಬರೆದದ್ದು ಎಂದು ಮಾತಾಡಿಕೊಳ್ಳುತ್ತಿದ್ದಾರೆ. ಕರೆಗಳನ್ನು ರೆಕಾರ್ಡ್ ಮಾಡುವ ಯಂತ್ರ ಕೆಟ್ಟು ಎರಡು ವರ್ಷ. ಗುಡ್ಡ ಸರಿಯಿತ್ತು ಎನ್ನಲು ಬರಹದ ಪುರಾವೆ ಇದೆ. ಅದು ನನ್ನ ಸಹಿ.

ಜುಲೈ 15, ಮಂಗಳವಾರ

ಬರೆಯುವಂಥದ್ದು ಏನಿಲ್ಲ.

ಜುಲೈ 17, ಗುರುವಾರ

ಮೀನಿನ ಹೆಂಡತಿ ಕಚೇರಿಗೆ ಬಂದಿದ್ದಳು. ಹೊಲಿಗೆ ಕೆಲಸ ಮಾಡುವವಳು, ಬೆರಳಿಗೆ ಹಾಕಿದ ಟೋಪಿಯನ್ನು ತೆಗೆಯಲೂ ಮರೆತು ಬಂದಿದ್ದಳು. ನಾನು ವರ್ಕ್‌ಶಾಪಿನ ಬಾಗಿಲಲ್ಲಿ ಕಾದ ಬೆಸುಗೆ ಕಡ್ಡಿ ಹಿಡಿದು ನಿಂತಿದ್ದೆ. ನೇರ ಅಕ್ಕನ ಮೇಜಿಗೆ ಹೋದಳು.

"ನೀವೇನಾ ಮೈಕಲ್ಲಿ ಕೂರೋರು?"

ಅಕ್ಕ ಎದ್ದು ನಿಂತರು.

"ಒಂದು ಮಾತು. ಸೇತುವೆ ಮೇಲೆ ಹೋಗ್ಬೇಡಪ್ಪಾ ಅಂತ ಒಂದೇ ಒಂದು ಮಾತು ಹೇಳೋಕೆ ಬಾಯಿರಲಿಲ್ವಾ ನಿಮಗೆ?"

"ಹೇಳ್ದೆ ಕಣಮ್ಮ. ಹೇಳ್ತಾನೇ ಇದ್ದೆ."

"ಯಾರಿಗೆ ಹೇಳಿದ್ರಿ? ಗೋಡೆಗಾ? ಟ್ರಕ್ಕಲ್ಲಿದ್ದ ಒಂಬತ್ತು ಜನಾನೂ ಹೇಳ್ತಾರೆ, ಆ ಡಬ್ಬಿ ಉಸಿರೇ ಬಿಡಲಿಲ್ಲ ಅಂತ. ನಮ್ಮನೆಯವರು ಅದನ್ನ ಕಿವಿ ಹತ್ರಾನೇ ಇಟ್ಕೊಂಡಿದ್ರಂತೆ. ಅಕ್ಕ ಏನಾದ್ರೂ ಇದ್ರೆ ಹೇಳ್ತಾರೆ, ಹೇಳ್ಲಿಲ್ಲ ಅಂದ್ರೆ ದಾರಿ ಸರಿಯಿದೆ ಅಂತ ಅರ್ಥ ಅಂದ್ರಂತೆ."

ಅವಳು ಬೈದಷ್ಟೂ ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡರು. ಅವಳು ಸುಸ್ತಾದಾಗ ತಮ್ಮ ಕುರ್ಚಿಯನ್ನೇ ಎಳೆದು ಕೂರಿಸಿ ನೀರು ಕೊಟ್ಟರು. ಅವಳು ಕುಡಿಯಲಿಲ್ಲ.

ಬೆಸುಗೆ ಕಡ್ಡಿ ನನ್ನ ಹೆಬ್ಬೆರಳಿಗೆ ತಾಗಿ ಬೊಬ್ಬೆ ಬಂದಿದೆ. ಮನೆಗೆ ಬಂದ ಮೇಲೆ ನೋಡಿಕೊಂಡೆ.

ಜುಲೈ 19, ಶನಿವಾರ

ಕ್ಯಾಂಟೀನಿನಲ್ಲಿ ಅಕ್ಕನ ಎದುರು ಕೂತೆ. ಬೇರೆಯವರು ಅವರ ಮೇಜಿಗೆ ಬರುವುದನ್ನು ಬಿಟ್ಟಿದ್ದಾರೆ. ನಾನು ಹೋಗಿ ಕೂತರೆ ಅವರಿಗೆ ಅದೇ ದೊಡ್ಡದು.

ಚಹಾ ಆರಿಹೋಗುವವರೆಗೂ ಲೋಟ ತಿರುಗಿಸುತ್ತಿದ್ದರು. ಆಮೇಲೆ ಕೇಳಿದರು: "ಗುಡ್ಡ ಸರಿಯಾಗೇ ಇತ್ತು ಅಲ್ವೇನೋ? ನೀನೇ ನೋಡಿದ್ದೆ."

"ಹೂಂ ಅಕ್ಕ."

"ನೀನು ನೋಡಿದ್ದೆ ಅಂದ್ರೆ ಸರಿಯಾಗೇ ಇರತ್ತೆ. ಹಾಗಾದ್ರೆ ನನ್ನದೇ ಏನೋ ಆಗಿರ್ಬೇಕು. ನಂಗೆ ಆ ಕ್ರ್ಸ್ ಅನ್ನೋ ಸದ್ದು ಕೇಳಿಸಲಿಲ್ಲ ಅನ್ನೋ ನೆನಪು. ಈಗ ನೋಡಿದ್ರೆ ಗುಂಡಿ ಒತ್ತಿದ್ನೋ ಇಲ್ವೋ ಅಂತಾನೇ ಅನುಮಾನ ಬರ್ತಿದೆ ಕಣೋ. ವಯಸ್ಸಾಯ್ತು. ಗಾಬರೀಲಿ ಬರೀ ಬಾಯಲ್ಲೇ ಕೂಗಿಬಿಟ್ನೇನೋ."

"ಹಾಗೆಲ್ಲ ಅಂದ್ಕೋಬೇಡಿ" ಎಂದೆ. ಅಷ್ಟೇ ಅಂದೆ.

ಒಬ್ಬರಿಗೆ ಕೆಲಸ ಹೋಗುವುದು ಒಂದು. ತಾನು ಕಣ್ಣಾರೆ ಕಂಡ, ಕೈಯಾರೆ ಮಾಡಿದ ಸಂಗತಿಯ ಮೇಲೇ ನಂಬಿಕೆ ಹೋಗುವುದು ಇನ್ನೊಂದು. ಎರಡನೆಯದಕ್ಕೆ ಹೆಸರು ನನಗೆ ಗೊತ್ತಿಲ್ಲ.

ಮೇಲೆ ಜೀಪು ಸಿಗಲಿಲ್ಲ ಎಂದು ಬರೆದಿದ್ದೇನೆ. ಜೀಪು ಇತ್ತು. ಮೊಣಕಾಲು ನೋವಿತ್ತು.

ಜುಲೈ 22, ಮಂಗಳವಾರ

ಮನೆಯವಳು ಬಟ್ಟೆ ಮಡಿಸುತ್ತ ನನ್ನನ್ನೇ ನೋಡುತ್ತಿದ್ದಳು. "ಇವತ್ತು ಎರಡು ಸಲ ಹಲ್ಲುಜ್ಜಿದ್ರಿ. ಏನಾಗಿದೆ ರೀ ನಿಮಗೆ?"

ಸೋಮವಾರ ವಿಚಾರಣೆಗೆ ನನ್ನನ್ನೂ ಕರೆದಿದ್ದಾರೆ, ಜೂನ್ 12ರ ತಪಾಸಣೆಯ ಬಗ್ಗೆ ಹೇಳಿಕೆ ಕೊಡಬೇಕು ಎಂದೆ.

"ಜೂನ್ ಹನ್ನೆರಡಾ? ನಮ್ಮಣ್ಣ ಬಂದಿದ್ದ ದಿನ ಅಲ್ವಾ ಅದು?" ನಗತೊಡಗಿದಳು. "ಬಾಗಿಲಲ್ಲಿ ಜೀಪು ನಿಲ್ಸಿ ಊಟಕ್ಕೆ ಬಂದೋರು ಸೋಫಾ ಮೇಲೆ ಬಿದ್ದು ಗೊರಕೆ ಹೊಡೆದಿದ್ದು ಹೊಡೆದಿದ್ದೇ. ನಮ್ಮಣ್ಣ ಇವತ್ತಿಗೂ ಹೇಳ್ಕೊಂಡು ನಗ್ತಾನೆ, ನಿನ್ನ ಗಂಡಂದು ಗೊರಕೆಯೋ ಜನರೇಟರೋ ಅಂತ. ಅವತ್ತು ನೀವು..."

ಮಡಿಸುತ್ತಿದ್ದ ಟವೆಲು ಅರ್ಧದಲ್ಲೇ ನಿಂತಿತು.

"ಅವತ್ತು ನೀವು ಗುಡ್ಡಕ್ಕೆ ಹೋಗಲಿಲ್ವಲ್ಲ."

ನಾನು ಗೋಡೆಯ ಗಡಿಯಾರ ನೋಡಿದೆ. ಮಗಳು ಬರುವ ಹೊತ್ತಾಯಿತು ಎಂದೆ. ಅವಳು ಆ ಟವೆಲನ್ನು ಪೂರ್ತಿ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಕೇಳಿದಳು, ಬಹಳ ಮೆಲ್ಲಗೆ: "ಅಕ್ಕನಿಗೆ ಗೊತ್ತಾ?"

ಜುಲೈ 23

ಮೊಣಕಾಲೂ ನೋಯುತ್ತಿರಲಿಲ್ಲ.

ಜುಲೈ 25, ಶುಕ್ರವಾರ

ಮಧ್ಯಾಹ್ನ ಅಕ್ಕ ವರ್ಕ್‌ಶಾಪಿಗೆ ಬಂದರು. ಮಾತಿಗೆ ಸುತ್ತುಬಳಸು ಇರಲಿಲ್ಲ.

"ಹಳೇ ಮೈಕ್ ಒಂದಿದ್ರೆ ಕೊಡೋ. ಇಲ್ಲೇ ಕೂತು ನೋಡಿ ಕೊಟ್ಟುಬಿಡ್ತೀನಿ."

ಕೊಟ್ಟೆ. ತಂತಿ ಎಲ್ಲಿಗೂ ಸೇರಿರಲಿಲ್ಲ. ಸ್ಟೂಲಿನ ಮೇಲೆ ಕೂತು ಬಲಗೈಯಲ್ಲಿ ಹಿಡಿದು ಗುಂಡಿ ಒತ್ತಿದರು, ಬಿಟ್ಟರು. ಮತ್ತೆ ಒತ್ತಿದರು. ಕಣ್ಣು ಮುಚ್ಚಿ ಒತ್ತಿದರು. ಬೆರಳು ಎಲ್ಲಿ ಜಾರಬಹುದು ಎಂದು ಹುಡುಕುತ್ತಿದ್ದರು. ಬಾಯಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ನನಗೆ ಗೊತ್ತಾಯಿತು, ಅವತ್ತಿನ ಹನ್ನೊಂದು ಕರೆಗಳನ್ನು ಒಂದೊಂದಾಗಿ ಮತ್ತೆ ಮಾಡುತ್ತಿದ್ದಾರೆ. ಸೇತುವೆಗೆ ಇಳಿಯಬೇಡಿ, ಓವರ್. ಸೇತುವೆಗೆ ಇಳಿಯಬೇಡಿ, ಓವರ್.

ಮುಗಿಸಿ ಮೈಕನ್ನು ಮೇಜಿನ ಮೇಲಿಟ್ಟು, "ಇಲ್ಲಿ ಹೀಗೆ ಹಿಡಿದ್ರೆ ಜಾರತ್ತೆ ನೋಡು" ಎಂದು ತೋರಿಸಿದರು. ಸಿಕ್ಕಿತಲ್ಲ ಎಂಬ ಸಮಾಧಾನವೂ ಮುಖದಲ್ಲಿತ್ತು. "ಸೋಮವಾರ ಒಪ್ಕೊಂಡುಬಿಡ್ತೀನಿ. ಮೀನಿನ ಹೆಂಡ್ತಿಗಾದ್ರೂ ಒಂದು ಉತ್ತರ ಸಿಗ್ಲಿ."

ಅವರು ತೋರಿಸಿದ ಹಾಗೆ ಯಾರೂ ಮೈಕು ಹಿಡಿಯುವುದಿಲ್ಲ. ಹಿಡಿಯಲಾಗುವುದೂ ಇಲ್ಲ.

ನಾನು ಏನು ಹೇಳಿದೆ? "ಮಳೆ ಬರೋ ಹಾಗಿದೆ, ಛತ್ರಿ ತಂದಿದ್ದೀರಾ ಅಕ್ಕ?" ಎಂದು ಕೇಳಿದೆ.

ಜೂನ್ 12ರಂದು ಜೀಪು ಬಾಗಿಲಲ್ಲಿತ್ತು. ಮೊಣಕಾಲು ಸರಿಯಿತ್ತು. ಬಿಸಿಲಿತ್ತು. ನಾನು ಊಟ ಮಾಡಿ ಮಲಗಿದೆ. ಐದಕ್ಕೆ ಎದ್ದು ಮುಖ ತೊಳೆದು, ಹಿಂದಿನ ಪುಟ ನೋಡಿಕೊಂಡು ಅಂಕಿಗಳನ್ನು ಬರೆದೆ. ಸುಳ್ಳು ಅಂತ ಕಾಣದಿರಲಿ ಎಂದು ಒಂದು ಅಂಕಿಯನ್ನು ಸ್ವಲ್ಪ ಬದಲಾಯಿಸಿದೆ. ಸಹಿ ಹಾಕಿದೆ. ಇದನ್ನೆಲ್ಲ ಮಾಡಿದ್ದು ನಾನು.

ಜುಲೈ 28, ಸೋಮವಾರ

ವಿಚಾರಣೆ ಹಳೆಯ ಸಭೆಯ ಕೋಣೆಯಲ್ಲಿ. ಗೋಡೆಯ ಮೇಲೆ ನೀರು ನಿಂತ ಗೆರೆ ಇನ್ನೂ ಇದೆ, ಕುರ್ಚಿಗಳಿಗೆ ಕೆಸರಿನ ವಾಸನೆ. ಅಧಿಕಾರಿ ಹೊರಗಿನಿಂದ ಬಂದ ಹೆಂಗಸು, ಪ್ರತಿ ಸಾಲಿಗೂ ಬೆರಳು ಇಟ್ಟುಕೊಂಡು ಓದುವವರು. ಸಾಹೇಬರು ಒಂದು ಬದಿ, ಅಕ್ಕ ಎದುರಿಗೆ. ನಾನು ಬಾಗಿಲ ಪಕ್ಕದ ಬೆಂಚಿನ ಮೇಲೆ.

ಅಕ್ಕ ಒಂದು ಹಾಳೆ ಬರೆದು ತಂದಿದ್ದರು. "ಮೇಡಂ, ಗಾಬರಿಯಲ್ಲಿ ನಾನು ಗುಂಡಿ ಸರಿಯಾಗಿ ಒತ್ತಿರಲಿಕ್ಕಿಲ್ಲ" ಎಂದು ಶುರುಮಾಡಿದರು. ಇಪ್ಪತ್ತಾರು ವರ್ಷ ನಡುಗದ ದನಿ ಆ ಹಾಳೆಯ ಎರಡನೆಯ ಸಾಲಿಗೆ ನಡುಗಿತು.

"ಓದಬೇಡಿ ಅಕ್ಕ" ಎಂದೆ. ಎದ್ದು ನಿಂತದ್ದು ನನಗೆ ಗೊತ್ತಾಗಿರಲಿಲ್ಲ.

ಸಾಹೇಬರು, "ನಿಮ್ಮ ಸರದಿ ಆಮೇಲೆ, ಕೂತ್ಕೊಳ್ಳಿ" ಎಂದರು.

"ಅವರು ಗುಂಡಿ ಒತ್ತಿದ್ರು ಮೇಡಂ. ಹನ್ನೊಂದು ಸಲಾನೂ ಒತ್ತಿದ್ರು. ಗುಡ್ಡದಲ್ಲಿ ಬ್ಯಾಟರಿ ಸತ್ತಿತ್ತು. ನಾನು ಜೂನಲ್ಲಿ ಗುಡ್ಡ ಹತ್ತಲೇ ಇಲ್ಲ. ಪುಸ್ತಕದಲ್ಲಿರೋದು ಮನೇಲಿ ಕೂತು ಬರ್ದಿದ್ದು."

ಅಧಿಕಾರಿ ಕನ್ನಡಕ ತೆಗೆದರು. "ಆ ಬ್ಯಾಟರಿಗಳು ಎಲ್ಲಿವೆ?"

"ನಾನೇ ಬದಲಾಯಿಸ್ದೆ. ಹಳೇದು ಕಸದ ಲಾರೀಲಿ ಹೋಯ್ತು."

"ಅಂದ್ರೆ ನೀವು ಹೇಳ್ತಿರೋದಕ್ಕೆ ಪುರಾವೆ?"

"ಏನೂ ಇಲ್ಲ ಮೇಡಂ. ನಾನು ಹೇಳ್ತಿದ್ದೀನಿ, ಅಷ್ಟೇ."

ಜೂನ್ 12ಕ್ಕೆ ಊಟ ಮಾಡಿ ಮಲಗಿದ್ದೆ, ವಾಕಿಟಾಕಿ ಚೀಲದಲ್ಲಿತ್ತು ಎಂದದ್ದೂ ಸುಳ್ಳು, ಹನ್ನೆರಡಕ್ಕೇ ಗುಡ್ಡ ಸತ್ತದ್ದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸೇತುವೆಗೆ ಓಡಲಿಲ್ಲ ಎಂದೂ ಹೇಳಿದೆ. ಒಂದು ಶುರುವಾದ ಮೇಲೆ ಉಳಿದದ್ದು ತಾನಾಗಿಯೇ ಬಂತು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಕೊನೆಗೆ, "ನೀವು ಬಾಯಿ ಬಿಡದಿದ್ರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ ಅನ್ನೋದು ನಿಮಗೆ ಗೊತ್ತಿತ್ತಾ?" ಎಂದರು.

ಗೊತ್ತಿತ್ತು ಎಂದೆ. ಅದನ್ನೂ ಬರೆದುಕೊಂಡರು.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡರು. ಅವರ ಬಾಯಿಂದ ಬಂದದ್ದು ಒಂದೇ ಮಾತು, ಅದೂ ತಮಗೆ ತಾವೇ ಹೇಳಿಕೊಂಡದ್ದು: "ಹಾಗಾದ್ರೆ ನಾನು ಕರೆದಿದ್ದೆ."

ಜುಲೈ 29, ಮಂಗಳವಾರ

ಅಮಾನತಿನ ಪತ್ರ ಬಂತು. ಮುಂದೆ ಪೊಲೀಸರೂ ಬರಬಹುದು ಎಂದು ಸಾಹೇಬರು ಹೇಳಿದರು. ಅವರಿಗೆ ನನ್ನ ಮುಖ ನೋಡಲಾಗುತ್ತಿರಲಿಲ್ಲ.

ವರ್ಕ್‌ಶಾಪಿನ ಬೀಗದ ಕೈ ಒಪ್ಪಿಸಿ ಬರುವಾಗ ಕಂಟ್ರೋಲ್ ರೂಮಿನ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಮತ್ತೆ ಮೈಕಿಗೆ ಹಾಕಿದ್ದಾರೆ.

"ನನ್ನ ಎದುರಿಗೇ ಕೂತು ಚಹಾ ಕುಡಿದ್ಯಲ್ಲೋ" ಎಂದರು. "ಮೈಕು ಕೇಳಿದ್ರೆ ಮೈಕು ಕೊಟ್ಟೆ. ನಾನು ಹುಚ್ಚಿ ಹಾಗೆ ಗುಂಡಿ ಒತ್ತುತಾ ಇದ್ರೆ ನೋಡ್ಕೊಂಡು ನಿಂತಿದ್ದೆ. ಛತ್ರಿ ತಂದಿದ್ದೀರಾ ಅಂತ ಕೇಳ್ದೆ."

"ತಪ್ಪಾಯ್ತು ಅಕ್ಕ."

"ನೀನು ಮಲಗಿದ್ದೆ ಅನ್ನೋದನ್ನ ಎಂದಾದ್ರೂ ಕ್ಷಮಿಸ್ತೀನೇನೋ. ಮನುಷ್ಯ ಅಂದ ಮೇಲೆ ನಿದ್ದೆ ಬರತ್ತೆ. ಇದನ್ನ ಆಗಲ್ಲ ಕಣೋ. ನನ್ನ ಕೈಲಿ ಆಗಲ್ಲ."

ಒಳಗೆ ಯಾರೋ ಕರೆದರು. ಅವರು ಕುರ್ಚಿಗೆ ಹೋಗಿ ಕೂತು ಗುಂಡಿ ಒತ್ತಿದರು. "ಹೇಳಿ, ಕೇಳಿಸ್ತಿದೆ" ಎಂದ ದನಿ ಎಂದಿನಂತೆಯೇ ಇತ್ತು.

ಆಗಸ್ಟ್ 3, ಭಾನುವಾರ

ಮನೆಯವಳು ಬರುತ್ತೇನೆಂದಳು. ಬೇಡವೆಂದು ಒಬ್ಬನೇ ಹೋದೆ.

ಮೀನಿನ ಮನೆ ಕೆಳಗಿನ ಬೀದಿಯ ಕೊನೆಯಲ್ಲಿ. ಗೋಡೆಗಳಿಗೆ ಹೊಸ ಸುಣ್ಣ, ನೆಲ ಇನ್ನೂ ಹಸಿ. ಅವಳು ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ ಎಳೆದುಕೊಂಡು ಶಾಲೆಯ ಸಮವಸ್ತ್ರಗಳನ್ನು ಹೊಲಿಯುತ್ತಿದ್ದಳು. ಪ್ರವಾಹದಲ್ಲಿ ಎಲ್ಲ ಮಕ್ಕಳ ಬಟ್ಟೆಯೂ ಹೋಗಿದೆಯಲ್ಲ, ಎದೆಯೆತ್ತರ ರಾಶಿ ಇತ್ತು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. "ಅಳತೆ ಕೊಡೋಕೆ ಬಂದ್ರಾ ಅಣ್ಣಾ?" ಎಂದಳು.

ನಿಂತೇ ಹೇಳಿದೆ. ಗುಡ್ಡ, ಬ್ಯಾಟರಿ, ಸಹಿ, ನಿದ್ದೆ. ಕರೆ ಬಂದಿತ್ತು, ಹನ್ನೊಂದು ಸಲ ಬಂದಿತ್ತು, ದಾರಿಯಲ್ಲಿ ಅದನ್ನು ಹಿಡಿದು ನಿಲ್ಲಿಸಿದವನು ನಾನು ಎಂದೆ. ಅವಳು ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದರೆ ಸಾಕು ಎಂದೂ ಇತ್ತು.

"ಗುಡ್ಡ ಹತ್ತಿ, ನೋಡಿ, ಇಳಿಯೋಕೆ ಎಷ್ಟು ಹೊತ್ತು ಬೇಕು?"

"ಮೂರು ಗಂಟೆ."

"ಮೂರು ಗಂಟೆ" ಎಂದಳು. ಸೂಜಿಯಡಿಯ ಬಟ್ಟೆಯನ್ನು ನೋಡಿದಳು. "ಒಂದು ಅಂಗಿ ಹೊಲಿಯೋಕೆ ನಂಗೆ ಅಷ್ಟು ಹೊತ್ತಾಗತ್ತೆ."

ಕ್ಷಮೆ ಕೇಳಲು ಬಂದಿದ್ದೆ. ಆ ಪದವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಅಲ್ಲಿ ಅದಕ್ಕೆ ಜಾಗವಿದ್ದಂತೆ ಕಾಣಲಿಲ್ಲ.

ಅವಳು ಎದ್ದು ಬೆರಳಿನ ಟೋಪಿ ತೆಗೆದಿಟ್ಟಳು. ಮುಖ ತೊಳೆದು ಬಂದು ಚಪ್ಪಲಿ ಮೆಟ್ಟಿದಳು.

"ಆ ಅಕ್ಕನ ಮನೆ ಎಲ್ಲಿ?"

"ನೀರಿನ ಟ್ಯಾಂಕಿನ ಹಿಂದಿನ ಬೀದಿ. ಹಸಿರು ಗೇಟು."

"ಅವರಿಗೆ ಏನೇನೋ ಅಂದುಬಿಟ್ಟೆ. ಗೋಡೆಗೆ ಹೇಳಿದ್ರಾ ಅಂದೆ. ಪಾಪ, ನೀರು ಕೊಟ್ರು, ಅದನ್ನೂ ಕುಡೀಲಿಲ್ಲ." ಬಾಗಿಲು ಎಳೆದು ಬೀಗ ಹಾಕಿದಳು. "ಕೊನೇಲಿ ಅವರು ಏನಂತ ಕೂಗಿದ್ರು, ಯಾವ ಮಾತಲ್ಲಿ ಕೂಗಿದ್ರು, ಎಲ್ಲಾ ಕೇಳ್ಬೇಕು ನಂಗೆ."

ದಾರಿ ತೋರಿಸಲು ನಾನೂ ಮೆಟ್ಟಿಲಿಳಿದೆ. ಅವಳು ತಿರುಗಿ ನಿಂತಳು. ಕಣ್ಣಲ್ಲಿ ಕೋಪ ಇರಲಿಲ್ಲ.

"ನೀವು ಬರಬೇಡಿ" ಎಂದಳು.

ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದೆ. ಆಮೇಲೆ ಹೊಳೆಯ ಬದಿಯ ದಾರಿ ಹಿಡಿದು ಮನೆಗೆ ಬಂದೆ. ಅದು ಸುತ್ತು ದಾರಿ, ಆದರೆ ಅಲ್ಲಿ ಅವರಿಬ್ಬರೂ ಎದುರಾಗುವುದಿಲ್ಲ.